ಲ್ಯಾಬ್ರಡಾರ್ ಮರಿಯನ್ನು ಗನ್‌ಡಾಗ್ ಆಗಿ ಪಳಗಿಸುವುದು: ಎಂಟನೇ ವಾರದಿಂದ ಮೊದಲ ಸೀಸನ್‌ವರೆಗೆ

ಬ್ರಿಟನ್ನಿನಲ್ಲಿ ಲ್ಯಾಬ್ರಡಾರ್ ಮರಿ ತಂದು, ಶೂಟಿಂಗ್‌ನಲ್ಲಿ ಗುಂಡು ತಗಲಿ ಬಿದ್ದ ಹಕ್ಕಿ ಹುಡುಕಿ ತರುವ ಕೆಲಸಕ್ಕೆ ಪಳಗಿಸಲು ಹೊರಟವರು ಹೆಚ್ಚಾಗಿ ಒಂದೇ ಜಾಗದಲ್ಲಿ ಎಡವುತ್ತಾರೆ. ಮರಿಗೆ ಒಂಬತ್ತು ತಿಂಗಳು ಆಗಿರುತ್ತದೆ. ಡಮ್ಮಿ, ಅಂದರೆ ಹಕ್ಕಿಯ ಬದಲು ಎಸೆಯುವ ಕ್ಯಾನ್ವಾಸ್ ಉರುಳೆ, ಕೈಬಿಡುವ ಮೊದಲೇ ಓಡುತ್ತದೆ. ಎತ್ತಿಕೊಳ್ಳುತ್ತದೆ, ಆದರೆ ಕೈಗೆ ಕೊಡದೆ ದೂರದಲ್ಲೇ ಸುತ್ತು ಹಾಕುತ್ತದೆ. ಸೀಟಿ ಊದಿದರೆ ಕೇಳಿಸಲೇ ಇಲ್ಲ ಅನ್ನುವ ಹಾಗೆ ನಟಿಸುತ್ತದೆ. "ನಮ್ಮ ಮರಿ ಬಹಳ ಹಠಮಾರಿ" ಅಂತ ಮಾಲೀಕರು ಹೇಳುತ್ತಾರೆ. ಹಠ ಏನೂ ಇಲ್ಲ. ಕಲಿಸಿದ ಕ್ರಮ ಹಿಂದುಮುಂದಾಗಿದೆ, ಅಷ್ಟೇ.

ಎಸೆದದ್ದನ್ನು ತರುವ ಆಸೆ ಈ ತಳಿಯ ರಕ್ತದಲ್ಲೇ ಇದೆ. ಅದನ್ನು ಯಾರೂ ಕಲಿಸಬೇಕಾಗಿಲ್ಲ. ಕಲಿಸಬೇಕಾದದ್ದು ಕಾಯುವುದನ್ನು: ಡಮ್ಮಿ ಕಣ್ಣೆದುರೇ ಬಿದ್ದರೂ ಹೇಳುವವರೆಗೆ ಸುಮ್ನೆ ಕೂತಿರುವುದನ್ನು. ಕೆಳಗಿನ ಹಂತಗಳ ಕ್ರಮವೆಲ್ಲ ಈ ಒಂದು ಮಾತಿನ ಮೇಲೆ ನಿಂತಿದೆ. ಹಂತ ಹಾರಿಸಬೇಡಿ.

ಭಾರತದಲ್ಲಿರುವವರಿಗೆ

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಹಕ್ಕಿಗಳ ಬೇಟೆ ಅಪರಾಧ. ಆದ್ದರಿಂದ ಈ ಮಾರ್ಗದರ್ಶಿ ಬ್ರಿಟನ್ನಿನ ಪದ್ಧತಿಯದು. ಕರ್ನಾಟಕದಲ್ಲಿ ಲ್ಯಾಬ್ ಸಾಕಿರುವವರು ಗುಂಡಿನ ಸದ್ದು ಮತ್ತು ಹಕ್ಕಿಯ ಹಂತಗಳನ್ನು ಬಿಟ್ಟು, ಉಳಿದದ್ದನ್ನೆಲ್ಲ ಕ್ಯಾನ್ವಾಸ್ ಡಮ್ಮಿಯಲ್ಲಿ ಮಾಡಬಹುದು. ಒಳ್ಳೆಯ ಕೆಲಸ ಕೊಟ್ಟ ಲ್ಯಾಬ್ ಸೋಫಾ ಕಚ್ಚುವುದಿಲ್ಲ. ಆದರೆ ಬಿಸಿಲೇರುವ ಮೊದಲೇ ಮುಗಿಸಿ. ನಾಲಿಗೆ ಅಗಲವಾಗಿ ಜೋತು, ಜೊಲ್ಲು ಗಟ್ಟಿಯಾಗಿ, ನಡಿಗೆ ತೂರಾಡಿದರೆ ಅದು ಬರೀ ಸುಸ್ತಲ್ಲ, ಬಿಸಿಲಿನ ಹೊಡೆತ. ತಕ್ಷಣ ನೆರಳಿಗೆ ತಂದು, ಮೈಗೆ ನೀರು ಹಾಕುತ್ತಾ ಡಾಕ್ಟರ್ ಹತ್ತಿರ ಹೋಗಿ. ಮೈದಾನದಿಂದ ಬಂದ ಮೇಲೆ ಕಿವಿಯೊಳಗೆ, ಬೆರಳ ಸಂದಿಯಲ್ಲಿ ಉಣ್ಣಿ ಹುಳ ಇದೆಯಾ ನೋಡಿ.

ಬೇಕಾದ ಸಾಮಾನು

ಪಟ್ಟಿ ಚಿಕ್ಕದು. ಒಂದು ಸ್ಲಿಪ್ ಲೀಡ್, ಅಂದರೆ ಕೊರಳಪಟ್ಟಿ ಇಲ್ಲದೆ ಕುಣಿಕೆಯಂತೆ ಹಾಕುವ ಹಗ್ಗ. ಒಂದು ಸೀಟಿ. ಮರಿಗೆ ಸುಮಾರು 225 ಗ್ರಾಂನ ಚಿಕ್ಕ ಡಮ್ಮಿ ಎರಡು, ಆಮೇಲೆ 450 ಗ್ರಾಂನ ಸಾಮಾನ್ಯ ಕ್ಯಾನ್ವಾಸ್ ಡಮ್ಮಿ ನಾಲ್ಕೈದು. ಹತ್ತು ಮೀಟರಿನ ಒಂದು ಉದ್ದ ಹಗ್ಗ.

ಸೀಟಿ ಪ್ಲಾಸ್ಟಿಕ್‌ನದೇ ಇರಲಿ, ಮೇಲೆ ನಂಬರ್ ಇರುವಂಥದು. ಲ್ಯಾಬ್ ಸಾಕುವವರಲ್ಲಿ ಆಕ್ಮೆ 211.5 ಬಹಳ ಬಳಕೆಯಲ್ಲಿದೆ. ನಂಬರ್ ಒಂದೇ ಆದರೆ ಸ್ವರವೂ ಒಂದೇ. ಕಳೆದುಹೋದರೆ ಅದೇ ನಂಬರಿನದು ತಂದರಾಯಿತು, ನಾಯಿಗೆ ಗೊಂದಲ ಆಗುವುದಿಲ್ಲ. ಮನೆಯಲ್ಲಿ ಇಬ್ಬರು ಪಳಗಿಸುವುದಾದರೆ ಇಬ್ಬರ ಹತ್ತಿರವೂ ಅದೇ ನಂಬರ್ ಇರಲಿ.

ಕರೆಂಟ್ ಶಾಕ್ ಕೊಡುವ ಕಾಲರ್ ಕೊಳ್ಳಬೇಡಿ. ವೇಲ್ಸ್‌ನಲ್ಲಿ 2010ರಿಂದ ಅದಕ್ಕೆ ನಿಷೇಧ ಇದೆ. ಕಾನೂನು ಬದಿಗಿಟ್ಟರೂ, ಶಾಕ್ ಬಿದ್ದ ಕ್ಷಣದಲ್ಲಿ ಮರಿ ಏನು ನೋಡುತ್ತಿತ್ತೋ ಅದಕ್ಕೇ ಹೆದರಿಕೊಳ್ಳಬಹುದು. ಅದು ಡಮ್ಮಿಯೂ ಆಗಿರಬಹುದು, ನೀವೂ ಆಗಿರಬಹುದು.

ಹಂತ 1: ಮರಿ ಆರಿಸುವುದು

ಲ್ಯಾಬ್‌ಗಳಲ್ಲಿ ಷೋ ವಂಶ ಬೇರೆ, ಕೆಲಸದ ವಂಶ ಬೇರೆ. ನೋಡಿದ ಕೂಡಲೇ ಗೊತ್ತಾಗುತ್ತದೆ. ಷೋ ನಾಯಿಯ ಎದೆ ಅಗಲ, ಮೈ ಭಾರ. ಕೆಲಸದ ನಾಯಿ ತೆಳ್ಳಗೆ, ಚುರುಕು. ವಂಶಾವಳಿಯ ಕಾಗದದಲ್ಲಿ ಹೆಸರಿನ ಮುಂದೆ ಎಫ್‌ಟಿಸಿಎಚ್ ಅಂತ ಇದ್ದರೆ ಅದು ಫೀಲ್ಡ್ ಟ್ರಯಲ್ ಚಾಂಪಿಯನ್, ಅಂದರೆ ನಿಜವಾದ ಶೂಟಿಂಗ್‌ನಲ್ಲೇ ನಡೆಯುವ ಗನ್‌ಡಾಗ್ ಸ್ಪರ್ಧೆಗಳಲ್ಲಿ ಗೆದ್ದ ನಾಯಿ.

ಹಾಗಂತ ಕಾಗದದ ತುಂಬ ಚಾಂಪಿಯನ್‌ಗಳೇ ಇರುವ ಮರಿ ಹೊಸಬರಿಗೆ ಒಳ್ಳೆಯದಂತಲ್ಲ. ಅಂಥ ಮರಿಯ ಆವೇಶ ತಡೆಯಲು ಅನುಭವ ಬೇಕು. ತಾಯಿಯನ್ನು ನೋಡಿ, ಸಾಧ್ಯವಾದರೆ ಕೆಲಸ ಮಾಡುವಾಗಲೇ ನೋಡಿ. ಶಾಂತವಾಗಿ ಕೂತು, ಕಳಿಸಿದಾಗ ಮಾತ್ರ ಓಡುವ ತಾಯಿಯ ಮರಿ ಸಾಕು.

ತಂದೆತಾಯಿ ಎರಡರದ್ದೂ ಸೊಂಟದ ಸ್ಕೋರ್ (ಎಕ್ಸ್-ರೇ ನೋಡಿ ಕೀಲಿಗೆ ಕೊಡುವ ಅಂಕ), ಮೊಣಕೈ ಸ್ಕೋರ್, ಕಣ್ಣಿನ ಪರೀಕ್ಷೆಯ ಕಾಗದ ಕೇಳಿ. ಬ್ರಿಟನ್ನಿನಲ್ಲಿ ಸೊಂಟದ ಸ್ಕೋರ್ 0ಯಿಂದ 106ರವರೆಗೆ ಇರುತ್ತದೆ. ಕಡಿಮೆ ಇದ್ದಷ್ಟೂ ಒಳ್ಳೆಯದು. ಮೊಣಕೈಗೆ 0 ಬಂದಿರಬೇಕು. ಜಾಸ್ತಿ ಓಡಿದಾಗ ಹಿಂಗಾಲು ಸೋತು ಕುಸಿಯುವ ಒಂದು ವಂಶಪಾರಂಪರ್ಯ ಕಾಯಿಲೆ ಲ್ಯಾಬ್‌ಗಳಲ್ಲಿ ಇದೆ. ಅದಕ್ಕೂ ಡಿಎನ್‌ಎ ಪರೀಕ್ಷೆ ಉಂಟು. ಕಾಗದ ತೋರಿಸಲು ಹಿಂದೆಮುಂದೆ ನೋಡುವವರಿಂದ ಮರಿ ತರಬೇಡಿ.

ಹಂತ 2: ಎಂಟು ವಾರದಿಂದ ಐದು ತಿಂಗಳು

ಈ ಅವಧಿಯಲ್ಲಿ ಡ್ರಿಲ್ ಇಲ್ಲ. ಮರಿ ಲೋಕ ನೋಡಲಿ: ಮಳೆ, ಟ್ರ್ಯಾಕ್ಟರ್, ಕುರಿ, ಮಕ್ಕಳು, ಕಾರಿನ ಹಿಂಬದಿ. ಲಸಿಕೆ ಪೂರ್ತಿ ಆಗುವವರೆಗೆ ಎತ್ತಿಕೊಂಡೇ ತೋರಿಸಿ.

ಸೀಟಿಯ ಪಾಠ ಊಟದ ತಟ್ಟೆಯಿಂದಲೇ ಶುರುವಾಗುತ್ತದೆ. ಮನೆಯವರೊಬ್ಬರು ಮರಿಯನ್ನು ಹಿಡಿದುಕೊಳ್ಳಲಿ. ನೀವು ಕೋಣೆಯ ಇನ್ನೊಂದು ತುದಿಯಲ್ಲಿ ತಟ್ಟೆ ಇಟ್ಟು, ಚಿಕ್ಕದಾಗಿ ಪೀ-ಪೀ-ಪೀ ಊದಿ. ಮರಿ ಓಡಿ ಬರುತ್ತದೆ. ದಿನಕ್ಕೆ ಮೂರು ಊಟ, ಮೂರು ಪಾಠ. ಕರೆದರೆ ಬರುವುದನ್ನು ಹೀಗೆ ಕಲಿತುಬಿಡುತ್ತದೆ. ಕೂರುವುದಕ್ಕೂ ತಟ್ಟೆಯೇ ಸಾಕು. ತಟ್ಟೆ ಎತ್ತರದಲ್ಲಿ ಹಿಡಿದರೆ ಮರಿ ಮೇಲೆ ನೋಡುತ್ತಾ ತಾನೇ ಕೂರುತ್ತದೆ. ಕೂತ ಕ್ಷಣ ಒಂದೇ ಒಂದು ಉದ್ದ ಸೀಟಿ, ಆಮೇಲೆ ಊಟ.

ಮಾತಿನ ಆಜ್ಞೆ ಕನ್ನಡದಲ್ಲಿ ಇದ್ದರೂ ಸರಿ, ಇಂಗ್ಲಿಷಿನಲ್ಲಿ ಇದ್ದರೂ ಸರಿ. ಅಮ್ಮ "ಕೂತ್ಕೋ", ಮಗ "ಸಿಟ್", ಅಜ್ಜಿ "ಕೂಡೋ ಮರಿ" ಅಂದರೆ ಮಾತ್ರ ಕಷ್ಟ. ಮನೆಗೆಲ್ಲ ಒಂದೇ ಪದ ಇಟ್ಟುಕೊಳ್ಳಿ, ಫ್ರಿಜ್ ಮೇಲೆ ಬರೆದು ಅಂಟಿಸಿ. ಇನ್ನೊಂದು ವಿಷಯ: ದೂರ ಕಳಿಸಲು "ಬ್ಯಾಕ್" ಅಂತ ಹೇಳುವ ಯೋಚನೆ ಇದ್ದರೆ, ಕರೆಯಲು "ಬಾ" ಬೇಡ. ನೂರು ಮೀಟರ್ ದೂರದಲ್ಲಿ, ಗಾಳಿಯಲ್ಲಿ, ಎರಡೂ ಒಂದೇ ಥರ ಕೇಳಿಸುತ್ತವೆ.

ಈಗ ಒಂದು ಮುಖ್ಯವಾದ ಮಾತು. ಮರಿ ನಿಮ್ಮ ಚಪ್ಪಲಿ ಕಚ್ಚಿಕೊಂಡು ಬರುತ್ತದೆ. ಬೈಯಬೇಡಿ, ಅಟ್ಟಿಸಿಕೊಂಡು ಹೋಗಬೇಡಿ, ಕಸಿಯಬೇಡಿ. ಕೆಳಗೆ ಕೂತು ಎದೆ ಸವರಿ, ನಿಧಾನಕ್ಕೆ ತೆಗೆದುಕೊಂಡು, ಬದಲಿಗೆ ಒಂದು ತಿಂಡಿ ಕೊಡಿ. ಚಪ್ಪಲಿ ತಂದಾಗ ಬೈಸಿಕೊಂಡ ಮರಿಯೇ ಮುಂದೆ ಡಮ್ಮಿ ಹಿಡಿದು ದೂರದಲ್ಲೇ ಸುತ್ತುವುದು. ಬಾಯಲ್ಲಿ ಏನಾದರೂ ಇರುವಾಗ ನಿಮ್ಮ ಹತ್ತಿರ ಬಂದರೆ ಅಪಾಯ ಅಂತ ಅದು ಕಲಿತಿರುತ್ತದೆ. ಚಪ್ಪಲಿಯನ್ನು ಎತ್ತರದಲ್ಲಿಡುವುದು ನಿಮ್ಮ ಕೆಲಸ.

ತರುವ ಆಸೆ ಇದೆಯಾ ಅಂತ ಪರೀಕ್ಷಿಸಲು ಬಾಗಿಲು ಮುಚ್ಚಿದ ಕಿರಿದಾದ ಹಜಾರದಲ್ಲಿ ಸುತ್ತಿದ ಕಾಲುಚೀಲವನ್ನು ಉರುಳಿಸಿ. ವಾಪಸ್ ಬರಲು ಒಂದೇ ದಾರಿ, ದಾರಿಯಲ್ಲಿ ನೀವು ಕೂತಿದ್ದೀರಿ. ವಾರಕ್ಕೆ ಒಂದೆರಡು ಸಲ ಸಾಕು. ನಾಲ್ಕನೇ ತಿಂಗಳಿಂದ ಸುಮಾರು ಆರನೇ ತಿಂಗಳವರೆಗೆ ಹಲ್ಲು ಬೀಳುವ ಕಾಲ. ಆಗ ಇದನ್ನೂ ನಿಲ್ಲಿಸಿ. ವಸಡು ನೋಯುವಾಗ ಎತ್ತಿಸಿದರೆ ಡಮ್ಮಿ ಅಂದರೆ ನೋವು ಅಂತ ಆಗಿಬಿಡುತ್ತದೆ. ಹಗ್ಗ ಎಳೆದಾಡುವ ಆಟವಂತೂ ಯಾವ ವಯಸ್ಸಿನಲ್ಲೂ ಬೇಡ.

ಹಂತ 3: ಐದರಿಂದ ಎಂಟು ತಿಂಗಳು: ಕೂರು, ಪಕ್ಕ ನಡೆ, ನಿಲ್ಲು

ಪಾಠ ಹತ್ತು ನಿಮಿಷ. ಮರಿಗೆ ಬೇಜಾರಾಗುವ ಮೊದಲೇ ಮುಗಿಸಿ.

ಸ್ಲಿಪ್ ಲೀಡ್ ಹಾಕುವುದಕ್ಕೂ ಒಂದು ದಿಕ್ಕಿದೆ. ನಾಯಿ ನಿಮ್ಮ ಎಡಕ್ಕಿದ್ದರೆ, ಎದುರಿಂದ ನೋಡುವಾಗ ಕುಣಿಕೆ ಇಂಗ್ಲಿಷಿನ "ಪಿ" ಅಕ್ಷರದಂತೆ ಕಾಣಬೇಕು. ಉಲ್ಟಾ ಹಾಕಿದರೆ ಬಿಗಿದ ಕುಣಿಕೆ ಸಡಿಲವಾಗುವುದಿಲ್ಲ. ಪಕ್ಕದಲ್ಲಿ ಸರಿಯಾಗಿ ನಡೆದರೂ ಕುತ್ತಿಗೆ ಬಿಗಿದೇ ಇರುತ್ತದೆ, ಮರಿಗೆ ಏನು ಮಾಡಿದರೆ ಸರಿ ಅಂತ ತಿಳಿಯುವುದೇ ಇಲ್ಲ. ಎಳೆದರೆ ನಿಲ್ಲಿ, ತಿರುಗಿ ಎದುರು ದಿಕ್ಕಿಗೆ ನಡೆಯಿರಿ.

ಉದ್ದ ಸೀಟಿಗೆ ಕೂರುವುದನ್ನು ಮೊದಲು ಕಾಲ ಬಳಿ, ಆಮೇಲೆ ನಾಲ್ಕು ಹೆಜ್ಜೆ ದೂರದಲ್ಲಿ, ಕೊನೆಗೆ ಮರಿ ಓಡುತ್ತಿರುವಾಗ ಕಲಿಸಿ. ಒಂದು ಸಲ ಊದಿದ ಮೇಲೆ ಕೂರಲಿಲ್ಲ ಅಂದರೆ ಮತ್ತೆ ಮತ್ತೆ ಊದಬೇಡಿ. ನಡೆದುಹೋಗಿ, ಮರಿಯನ್ನು ಮೊದಲಿದ್ದ ಜಾಗಕ್ಕೇ ತಂದು ಕೂರಿಸಿ. ಐದು ಸಲ ಊದಿದರೆ ಐದನೆಯದಕ್ಕೆ ಕೂತರೆ ಸಾಕು ಅಂತ ಅದು ಲೆಕ್ಕ ಹಾಕಿಕೊಳ್ಳುತ್ತದೆ.

ಆರೇಳು ತಿಂಗಳಿಗೆ ಮೂಗು ಚುರುಕಾಗುತ್ತದೆ, ಕಿವಿ ಮಂದವಾಗುತ್ತದೆ. ಮೊಲಗಳಿರುವ ಹೊಲದಲ್ಲಿ ಆಗ ಬಿಟ್ಟು ಅಡ್ಡಾಡಿಸಿದರೆ, ನಿಮ್ಮ ಹಂಗಿಲ್ಲದೆಯೂ ಮಜಾ ಇದೆ ಅಂತ ಕಂಡುಕೊಳ್ಳುತ್ತದೆ. ಅದನ್ನು ಮರೆಸುವುದು ಬಹಳ ಕಷ್ಟ. ಇಪ್ಪತ್ತು ಮೂವತ್ತು ಹೆಜ್ಜೆಗಿಂತ ಆಚೆ ಹೋಗಲು ಬಿಡಬೇಡಿ. ಸಂಶಯ ಇದ್ದರೆ ಉದ್ದ ಹಗ್ಗ ಕಟ್ಟಿ.

ಹಂತ 4: ಡಮ್ಮಿ ಮತ್ತು ತಾಳ್ಮೆ

ಜಾಸ್ತಿ ಜನ ಸೋಲುವುದು ಇಲ್ಲೇ. ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೊದಲ ಕೆಲವು ದಿನ ಮರಿ ಒಂದೂ ಡಮ್ಮಿ ತರುವುದಿಲ್ಲ. ಅದನ್ನು ಕೂರಿಸಿ. ಲೀಡ್ ಕೊರಳಲ್ಲೇ ಇರಲಿ. ಡಮ್ಮಿ ಎಸೆಯಿರಿ. ಎದ್ದರೆ ಮಾತಿಲ್ಲದೆ ವಾಪಸ್ ಕೂರಿಸಿ. ಕೂತೇ ಇದ್ದರೆ ಹೊಗಳಿ, ನೀವೇ ನಡೆದುಹೋಗಿ ಡಮ್ಮಿ ಎತ್ತಿಕೊಂಡು ಬನ್ನಿ. ಎಡಕ್ಕೆ, ಬಲಕ್ಕೆ, ಬೆನ್ನ ಹಿಂದೆ, ಮರಿಯ ತಲೆಯ ಮೇಲಿಂದ ಎಸೆಯಿರಿ. ನೋಡುವವರಿಗೆ ತಮಾಷೆ ಅನಿಸುತ್ತದೆ, ನಾಯಿ ಕೂತಿದೆ, ಮನುಷ್ಯ ಓಡಾಡುತ್ತಿದ್ದಾನೆ ಅಂತ. ಆದರೆ ಬಿದ್ದದ್ದೆಲ್ಲ ತನ್ನದಲ್ಲ ಅನ್ನುವುದು ಮರಿಗೆ ಹೀಗೇ ತಿಳಿಯುವುದು.

ಆಮೇಲೆ ಒಂದನ್ನು ಬಿಟ್ಟುಕೊಡಿ. ಎಸೆದ ಮೇಲೆ ಮನಸ್ಸಿನಲ್ಲೇ ಹತ್ತು ಎಣಿಸಿ. ಮೈ ನಡುಗುತ್ತಿದ್ದರೆ, ಕುಂಯ್ ಅನ್ನುತ್ತಿದ್ದರೆ ಕಳಿಸಬೇಡಿ, ನೀವೇ ತನ್ನಿ. ಸುಮ್ನೆ ಕೂತು ಡಮ್ಮಿಯ ಕಡೆ ನೆಟ್ಟಗೆ ನೋಡುತ್ತಿದ್ದರೆ ಹೆಸರು ಹೇಳಿ ಕಳಿಸಿ. ಬ್ರಿಟನ್ನಿನ ಪದ್ಧತಿಯಲ್ಲಿ, ಬಿದ್ದದ್ದನ್ನು ಕಣ್ಣಾರೆ ಕಂಡ ನಾಯಿಯನ್ನು ಅದರ ಹೆಸರಿನಿಂದಲೇ ಕಳಿಸುತ್ತಾರೆ. ಆರು ನಾಯಿ ಸಾಲಾಗಿ ಕೂತಿದ್ದರೂ ಕರೆದದ್ದೊಂದೇ ಹೋಗಬೇಕು. ಎಸೆದದ್ದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ನೀವೇ ಎತ್ತುವ ಅಭ್ಯಾಸ ಮುಂದೆಯೂ ಇರಲಿ. ಒಂದು ಪಾಠಕ್ಕೆ ಎರಡೋ ಮೂರೋ ತರಿಸಿದರೆ ಸಾಕು.

ವಾಪಸ್ ಬರುವಾಗ ನಿಮ್ಮ ಮೈ ಏನು ಮಾಡುತ್ತಿದೆ ಗಮನಿಸಿ. ಮುಂದೆ ಬಗ್ಗಿ ಕೈ ಚಾಚಿದರೆ ಮರಿ ನಿಲ್ಲುತ್ತದೆ. ಕಣ್ಣಲ್ಲಿ ಕಣ್ಣಿಟ್ಟು ನೋಡಿದರೂ ನಿಲ್ಲುತ್ತದೆ. ಸ್ವಲ್ಪ ಓರೆಯಾಗಿ ನಿಂತು, ಒಂದೊಂದೇ ಹೆಜ್ಜೆ ಹಿಂದಕ್ಕೆ ಸರಿಯಿರಿ. ಹತ್ತಿರ ಬಂದ ಮೇಲೆ ಡಮ್ಮಿ ಮುಟ್ಟಬೇಡಿ. ಮೊದಲು ಎದೆ, ಕುತ್ತಿಗೆ ಸವರಿ, ಒಂದು ಕ್ಷಣ ಬಾಯಲ್ಲೇ ಹಿಡಿದಿರಲಿ. ಆಮೇಲೆ ಗಲ್ಲದ ಕೆಳಗೆ ಕೈ ಕೊಟ್ಟು ತೆಗೆದುಕೊಳ್ಳಿ.

ಪದೇ ಪದೇ ಕಾಣುವ ತೊಂದರೆಗಳು:

ಸುತ್ತು ಹಾಕುತ್ತದೆ: ಅಟ್ಟಬೇಡಿ, ಎದುರು ದಿಕ್ಕಿಗೆ ನಡೆದುಬಿಡಿ. ಮತ್ತೆ ಹಜಾರಕ್ಕೆ, ಅಥವಾ ಬೇಲಿ ಪಕ್ಕದ ಕಿರಿದಾದ ದಾರಿಗೆ ಹೋಗಿ.

ಕಾಲ ಬಳಿ ಬೀಳಿಸುತ್ತದೆ: ನೀವು ಬೇಗ ಕೈ ಹಾಕಿದ್ದೀರಿ. ತಲುಪುವ ಮುನ್ನ ಹಿಂದಕ್ಕೆ ಸರಿಯಿರಿ, ಅದು ಬರುತ್ತಲೇ ಇರಲಿ.

ಒಂದನ್ನು ಬಿಟ್ಟು ಇನ್ನೊಂದನ್ನು ಎತ್ತುತ್ತದೆ: ಎರಡು ಡಮ್ಮಿಯ ಪಾಠ ಬೇಗ ಶುರುವಾಗಿದೆ. ಒಂದಕ್ಕೆ ಇಳಿಯಿರಿ.

ಅಗಿಯುತ್ತದೆ: ತರಿಸಿದ್ದು ಜಾಸ್ತಿಯಾಗಿ ಬೇಜಾರಾಗಿದೆ, ಇಲ್ಲವೇ ಹಲ್ಲು ಇನ್ನೂ ನೋಯುತ್ತಿದೆ. ಎರಡು ವಾರ ಡಮ್ಮಿ ಮುಟ್ಟಬೇಡಿ.

ಕುಂಯ್‌ಗುಡುತ್ತದೆ: ಇದನ್ನು ಹಗುರವಾಗಿ ತಗೋಬೇಡಿ. ಕೂತಲ್ಲಿ ಸದ್ದು ಮಾಡುವ ನಾಯಿಯನ್ನು ಫೀಲ್ಡ್ ಟ್ರಯಲ್‌ನಿಂದ ಹೊರಗೆ ಕಳಿಸುತ್ತಾರೆ. ಒಮ್ಮೆ ರೂಢಿಯಾದರೆ ಹೋಗುವುದು ಅಪರೂಪ. ಕೆಲಸದ ಉದ್ವೇಗ ತಗ್ಗಿಸಿ, ತರಿಸುವುದನ್ನು ಇನ್ನೂ ಕಡಿಮೆ ಮಾಡಿ.

ಮತ್ತೆ ಆ ಬಾಲ್ ಎಸೆಯುವ ಪ್ಲಾಸ್ಟಿಕ್ ಕೋಲು. ಪಾರ್ಕಿನಲ್ಲಿ ಅದರಿಂದ ಮೂವತ್ತು ಸಲ ಎಸೆದರೆ ಒಂದು ವಾರ ಕಲಿಸಿದ ತಾಳ್ಮೆ ಹೋಯಿತು. ಮಕ್ಕಳ ಕೈಗೆ ಸಿಗದ ಹಾಗೆ ಇಡಿ.

ಹಂತ 5: ಗುಂಡಿನ ಸದ್ದು

ಎಂಟು ತಿಂಗಳ ಮೊದಲು ಬೇಡ. ಗೆಳೆಯರೊಬ್ಬರು ಚಿಕ್ಕ ಸ್ಟಾರ್ಟಿಂಗ್ ಪಿಸ್ತೂಲು ಹಿಡಿದು ಇನ್ನೂರು ಮೀಟರ್ ದೂರ ನಿಲ್ಲಲಿ. ಮರಿ ಡಮ್ಮಿಯ ಕಡೆ ಗಮನ ಕೊಟ್ಟಿರುವಾಗ ಒಂದೇ ಸದ್ದು. ತಲೆ ಎತ್ತಿ ನೋಡಿ ಮತ್ತೆ ಕೆಲಸಕ್ಕೆ ಇಳಿದರೆ ಸರಿ. ಇನ್ನೊಂದು ದಿನ ಇನ್ನೂ ಸ್ವಲ್ಪ ಹತ್ತಿರ. ಹಾಗೇ ವಾರಗಟ್ಟಲೆ.

ಕಿವಿ ಹಿಂದಕ್ಕೆ ಒತ್ತಿದೆ, ಬಾಲ ಕಾಲ ನಡುವೆ ಇದೆ, ತಿಂಡಿ ಕೊಟ್ಟರೂ ತಿನ್ನದೆ ಕಾರಿನ ಕಡೆ ನೋಡುತ್ತಿದೆ ಅಂದರೆ ಅವತ್ತೇ ನಿಲ್ಲಿಸಿ. ಕೆಲವು ವಾರ ಬಿಟ್ಟು, ಇಮ್ಮಡಿ ದೂರದಿಂದ ಶುರುಮಾಡಿ. "ಅಭ್ಯಾಸವಾಗಲಿ" ಅಂತ ಶೂಟಿಂಗ್ ಕ್ಲಬ್ಬಿನ ಬಾಗಿಲಿಗೆ ಕರೆದುಕೊಂಡು ಹೋಗಿ ನಿಲ್ಲಿಸಬೇಡಿ. ನಾಯಿ ಹಾಳಾಗಲು ಅಂಥ ಒಂದು ಮಧ್ಯಾಹ್ನ ಸಾಕು.

ನಮ್ಮವರ ಮನೆಗಳಿಗೆ ಒಂದು ಎಚ್ಚರಿಕೆ. ದೀಪಾವಳಿಯೂ ಬ್ರಿಟನ್ನಿನ ನವೆಂಬರ್ 5ರ ಪಟಾಕಿಯೂ ಹೆಚ್ಚುಕಡಿಮೆ ಒಟ್ಟೊಟ್ಟಿಗೇ ಬರುತ್ತವೆ. ಪಟಾಕಿಯನ್ನು ತರಬೇತಿ ಅಂದುಕೊಳ್ಳಬೇಡಿ. ಎಲ್ಲಿಂದ ಬಂತು, ಯಾಕೆ ಬಂತು ಗೊತ್ತಾಗದ ಸದ್ದು ಅದು. ಆ ವಾರ ಕತ್ತಲಾಗುವ ಮೊದಲೇ ಹೊರಗಡೆ ಸುತ್ತಿಸಿ, ಪರದೆ ಎಳೆದು, ಟಿವಿ ಹಾಕಿ ಮನೆಯೊಳಗಿರಿ. ಗುಂಡಿನ ಪಾಠ ಅದಾದ ಒಂದೆರಡು ವಾರದ ಮೇಲೆ.

ಹಂತ 6: ನೀರು ಮತ್ತು ಬೇಲಿ

ನೀರು ಬೆಚ್ಚಗಿರುವ ಬೇಸಿಗೆಯಲ್ಲಿ, ನಿಧಾನಕ್ಕೆ ಆಳವಾಗುವ ದಂಡೆಯಲ್ಲಿ ಶುರುಮಾಡಿ. ಈಜು ಬಲ್ಲ ದೊಡ್ಡ ನಾಯಿ ಜೊತೆಗಿದ್ದರೆ ಅರ್ಧ ಕೆಲಸ ಮುಗಿಯಿತು. ಮರಿಯನ್ನು ಎತ್ತಿ ನೀರಿಗೆ ಹಾಕಬೇಡಿ. ಕೆರೆಯ ಮೇಲೆ ನೀಲಿಹಸಿರು ಪಾಚಿ ಕೆನೆಗಟ್ಟಿದ್ದರೆ ಹತ್ತಿರವೂ ಬಿಡಬೇಡಿ, ಅದರ ವಿಷ ನಾಯಿಯನ್ನು ಕೊಲ್ಲಬಹುದು. ನೀರಿನಿಂದ ಬಂದ ನಾಯಿ ಮೈ ಕೊಡವಲು ಡಮ್ಮಿ ಬೀಳಿಸುತ್ತದೆ. ಆದ್ದರಿಂದ ಮೊದಮೊದಲು ನೀರಂಚಿನಲ್ಲೇ ನಿಂತು ತೆಗೆದುಕೊಳ್ಳಿ, ದಿನ ಕಳೆದಂತೆ ಹಿಂದೆ ಸರಿಯಿರಿ.

ಬೇಲಿ ಹಾರಿಸುವುದು ಒಂದು ವರ್ಷ ಕಳೆದು, ಮೂಳೆ ಬಲಿತ ಮೇಲೆ. ಹೇಳಿದಾಗ ಮಾತ್ರ ಹಾರಬೇಕು. ಮುಳ್ಳುತಂತಿಯನ್ನಂತೂ ಹಾರಿಸಲೇಬೇಡಿ.

ಹಂತ 7: ಕಾಣದ್ದನ್ನು ಹುಡುಕುವುದು

ನಾಯಿಯ ಬೆಲೆ ಗೊತ್ತಾಗುವುದು ಇಲ್ಲಿ. ಹಕ್ಕಿ ಬಿದ್ದದ್ದು ನಿಮಗೆ ಕಂಡಿದೆ, ಅದಕ್ಕೆ ಕಂಡಿಲ್ಲ. ಅಂಥ ಕಡೆ ನಿಮ್ಮ ಕೈ ನೋಡಿ ಹೋಗಬೇಕು.

ನೆನಪಿನ ಪಾಠದಿಂದ ಶುರುಮಾಡಿ. ಕಾಲುದಾರಿಯಲ್ಲಿ ನಡೆಯುತ್ತಾ, ಮರಿ ನೋಡುವಂತೆ ಡಮ್ಮಿ ಕೆಳಗೆ ಬಿಡಿ. ಮೂವತ್ತು ಹೆಜ್ಜೆ ಮುಂದೆ ಹೋಗಿ, ತಿರುಗಿ, ಕೈಯನ್ನು ನೇರ ಚಾಚಿ "ಬ್ಯಾಕ್" ಅಂತ ಕಳಿಸಿ. ದೂರ ದಿನದಿನಕ್ಕೆ ಹೆಚ್ಚಲಿ. ಆಮೇಲೆ ಅದೇ ಜಾಗದಲ್ಲಿ, ಅದು ನೋಡದಿರುವಾಗ ಇಟ್ಟು ಕಳಿಸಿ.

ಎಡಬಲಕ್ಕೆ ನಾಯಿಯನ್ನು ಬೇಲಿಗೆ ಬೆನ್ನು ಮಾಡಿ ಕೂರಿಸಿ. ಎರಡು ಬದಿಗೂ ಒಂದೊಂದು ಡಮ್ಮಿ ಎಸೆದು, ಕೈಯನ್ನು ಭುಜದ ಎತ್ತರಕ್ಕೆ ಪೂರ್ತಿ ಚಾಚಿ, ಕೊನೆಗೆ ಎಸೆದದ್ದನ್ನು ಬಿಟ್ಟು ಮೊದಲನೆಯದಕ್ಕೆ ಕಳಿಸಿ. ಹಿಂದಿರುವ ಬೇಲಿ ತಪ್ಪು ದಾರಿಯೊಂದನ್ನು ಮುಚ್ಚುತ್ತದೆ. ದೂರದಲ್ಲಿರುವ ನಾಯಿಗೆ ಅರೆಬರೆ ಚಾಚಿದ ಕೈ ಕಾಣಿಸುವುದೇ ಇಲ್ಲ.

ಗಾಳಿ ನೋಡಿ. ಡಮ್ಮಿಯ ವಾಸನೆ ನಾಯಿಯ ಕಡೆ ಬರುವ ಹಾಗೆ ಇಡಿ. ಗಾಳಿ ನಿಮ್ಮ ಬೆನ್ನಿಗಿದ್ದರೆ ನಾಯಿ ಡಮ್ಮಿಯ ಪಕ್ಕದಲ್ಲೇ ಹಾದುಹೋದರೂ ವಾಸನೆ ಸಿಗಲಿಕ್ಕಿಲ್ಲ. ಮೂಗಿಲ್ಲದ ನಾಯಿ ಅಂತ ಅದನ್ನು ಬೈದು ಪ್ರಯೋಜನ ಇಲ್ಲ.

ಇಷ್ಟಕ್ಕೆ ಬಂದ ನಾಯಿಯನ್ನು ವರ್ಕಿಂಗ್ ಟೆಸ್ಟ್ ಎಂಬ ಸ್ಪರ್ಧೆಗೆ ಕರೆದುಕೊಂಡು ಹೋಗಬಹುದು. ಅಲ್ಲಿ ಬರೀ ಡಮ್ಮಿ, ಹಕ್ಕಿ ಇರುವುದಿಲ್ಲ. ಹಕ್ಕಿ ಹೊಡೆಯುವುದು ಮನಸ್ಸಿಗೆ ಒಗ್ಗದವರು ಅಲ್ಲಿಗೇ ನಿಲ್ಲಿಸಬಹುದು, ಏನೂ ಕಳೆದುಕೊಂಡಂತಲ್ಲ.

ಹಂತ 8: ಮೊದಲ ಹಕ್ಕಿ

ಹಕ್ಕಿ ತಣ್ಣಗಿರಬೇಕು, ಒಣಗಿರಬೇಕು, ರಕ್ತ ಇರಬಾರದು. ಪಾರಿವಾಳದ ಗರಿ ಬೇಗ ಉದುರಿ ಬಾಯಿಗೆ ಅಂಟುತ್ತದೆ, ಮರಿ ಅಸಹ್ಯಪಟ್ಟು ಉಗುಳುತ್ತದೆ. ಹಳೆಯ ನೈಲಾನ್ ಕಾಲುಚೀಲದೊಳಗೆ ಹಾಕಿ ಕೊಡಿ, ಇಲ್ಲವೇ ಪಾರ್ಟ್ರಿಡ್ಜ್ (ಕೌಜುಗ) ಸಿಕ್ಕರೆ ಅದನ್ನೇ ಬಳಸಿ. ಹುಲ್ಲಿನ ಮೇಲೆ ಹತ್ತಿರದಲ್ಲೇ ಇಟ್ಟು ಕಳಿಸಿ. ಮೂಸಿ ನಿಂತರೆ ಒತ್ತಾಯ ಬೇಡ. ಎತ್ತಿದ ಕೂಡಲೇ ಹಿಂದಕ್ಕೆ ನಡೆಯುತ್ತಾ ಸೀಟಿ ಊದಿ.

ತಂದ ಪ್ರತಿ ಹಕ್ಕಿಯನ್ನೂ ಕೈಯಲ್ಲಿ ಪರೀಕ್ಷಿಸಿ. ಹಕ್ಕಿಯನ್ನು ಅಂಗೈಯಲ್ಲಿಟ್ಟು, ಹೆಬ್ಬೆರಳು ಒಂದು ಪಕ್ಕ, ಉಳಿದ ಬೆರಳು ಇನ್ನೊಂದು ಪಕ್ಕ ಇಟ್ಟು ಪಕ್ಕೆಲುಬು ಸವರಿ. ಎರಡೂ ಕಡೆ ದುಂಡಗೆ, ಗಟ್ಟಿಯಾಗಿರಬೇಕು. ಎತ್ತರದಿಂದ ಬಿದ್ದು ಒಂದು ಪಕ್ಕ ಕುಸಿದಿರಬಹುದು. ಎರಡೂ ಪಕ್ಕ ಒಳಗೆ ಕುಸಿದು, ಇಂಥದ್ದು ಮತ್ತೆ ಮತ್ತೆ ಬಂದರೆ ನಾಯಿ ಹಲ್ಲೂರಿ ಹಿಸುಕುತ್ತಿದೆ. ಕೂಡಲೇ ಹಕ್ಕಿ ನಿಲ್ಲಿಸಿ, ಡಮ್ಮಿಗೆ ವಾಪಸ್ ಹೋಗಿ, ಅನುಭವಸ್ಥರಿಗೆ ತೋರಿಸಿ.

ಹಂತ 9: ಮೊದಲ ಸೀಸನ್

ಇಂಗ್ಲೆಂಡಿನಲ್ಲಿ ಪಾರ್ಟ್ರಿಡ್ಜ್ ಸೀಸನ್ ಸೆಪ್ಟೆಂಬರ್ 1ರಿಂದ, ಫೆಸೆಂಟ್ (ಕೋಳಿ ಜಾತಿಯ ಉದ್ದ ಬಾಲದ ಹಕ್ಕಿ) ಸೀಸನ್ ಅಕ್ಟೋಬರ್ 1ರಿಂದ. ಎರಡೂ ಫೆಬ್ರವರಿ 1ಕ್ಕೆ ಮುಗಿಯುತ್ತವೆ. ನಾಯಿಗೆ ಒಂದೂವರೆ ವರ್ಷ ಆಗದಿದ್ದರೆ ಈ ಸೀಸನ್ ಬಿಡಿ.

ಮೊದಲ ದಿನಗಳಲ್ಲಿ ಬಿದ್ದ ಹಕ್ಕಿ ಹೆಕ್ಕುವವರ ಜೊತೆ, ಬಂದೂಕಿನ ಸಾಲಿನಿಂದ ಬಹಳ ಹಿಂದೆ ನಿಲ್ಲಿ. ನಿಮ್ಮ ಕೈಯಲ್ಲಿ ಬಂದೂಕು ಬೇಡ. ಆಕಾಶ ನೋಡುತ್ತಿದ್ದರೆ ನಾಯಿಯನ್ನು ಯಾರು ನೋಡುತ್ತಾರೆ? ಲೀಡ್ ಕೊರಳಲ್ಲೇ ಇರಲಿ. ಡ್ರೈವ್ (ಹಕ್ಕಿಗಳನ್ನು ಬಂದೂಕಿನ ಸಾಲಿನ ಕಡೆ ಎಬ್ಬಿಸುವ ಒಂದು ಸುತ್ತು) ಮುಗಿದ ಮೇಲೆ, ಎದುರಿಗೆ ಸತ್ತು ಬಿದ್ದಿರುವ ಒಂದೋ ಎರಡೋ ಹಕ್ಕಿ ತರಿಸಿ, ಸಾಕು. ಗಾಯಗೊಂಡು ಓಡುವ ಹಕ್ಕಿಯನ್ನು ಹಿರಿಯ ನಾಯಿಗೆ ಬಿಡಿ. ಮರಿ ಅಟ್ಟುವುದನ್ನೂ ಹಿಸುಕುವುದನ್ನೂ ಅದರಿಂದಲೇ ಕಲಿಯುತ್ತದೆ. ಪೊದೆ ಬಡಿದು ಹಕ್ಕಿ ಎಬ್ಬಿಸುವ ಬೀಟರ್‌ಗಳ ಸಾಲಿಗೂ ಈ ವರ್ಷ ಕಳಿಸಬೇಡಿ.

ಸೀಟಿಗೆ ಎರಡು ಸಲ ಕಿವಿಗೊಡಲಿಲ್ಲವೋ, ಕೂತಲ್ಲಿ ಸದ್ದು ಶುರುವಾಯಿತೋ, ಕಾರಿಗೆ ಕರೆದುಕೊಂಡು ಹೋಗಿ. ಇನ್ನೂ ಮೂರು ಡ್ರೈವ್ ಬಾಕಿ ಇದ್ದರೂ ಸರಿ, ಆತಿಥೇಯರು ಬಾ ಅಂತ ಕರೆದರೂ ಸರಿ. ಮರುದಿನದಿಂದ ಹಂತ 4.

ಮನೆಗೆ ಬಂದು ಮೈ ಪೂರ್ತಿ ಒರೆಸಿ. ಪಾದ, ಕಿವಿ, ಕಣ್ಣಂಚು, ಹೊಟ್ಟೆಯ ಅಡಿ ಮುಟ್ಟಿ ಮುಟ್ಟಿ ನೋಡಿ, ಮುಳ್ಳು ಇದ್ದರೆ ಅಲ್ಲೇ ಸಿಗುತ್ತದೆ. ಏದುಸಿರು ಪೂರ್ತಿ ಇಳಿಯುವವರೆಗೆ ಹೊಟ್ಟೆ ತುಂಬ ಊಟ ಹಾಕಬೇಡಿ.